ಐದು ಬೀಗ

ಅಂಗಳದ ಐದೂ ಸೈಕಲ್ಲುಗಳಿಗೆ ಬೀಗ ಬಿದ್ದಿತ್ತು. ಒಂದಕ್ಕಂತೂ ನಾಯಿಯ ಸರಪಳಿಯೇ ಗತಿಯಾಗಿತ್ತು. ಬೆಳಗಿನ ಸವಾರಿಗೆ ಹೊರಟಿದ್ದ ಟೀಚರಮ್ಮ ಮೆಟ್ಟಿಲಲ್ಲೇ ನಿಂತುಬಿಟ್ಟಳು. ನಿನ್ನೆ ಸಂಜೆ ಗಂಡನ ಜೊತೆ ಈ ಪರದೇಶದ ಮನೆಗೆ ಅತಿಥಿಯಾಗಿ ಬಂದಾಗ, ಅಜ್ಜನಿಂದ ಮೊಮ್ಮಗಳವರೆಗೆ ಮನೆಮಂದಿಯ ನಾಲ್ಕೂ ಸೈಕಲ್ಲುಗಳು ಗೋಡೆಗೊರಗಿ ಹಾಯಾಗಿ ನಿಂತಿದ್ದವು. ಬೀಗ ಇದ್ದದ್ದು ಅವಳ ಬಾಡಿಗೆ ಸೈಕಲ್ಲೊಂದಕ್ಕೇ. ಅದನ್ನೂ ಎರಡು ಸಲ ಜಗ್ಗಿ ನೋಡಿಯೇ ಅವಳು ಒಳಗೆ ಹೋಗಿದ್ದಳು.

“ನೋಡಿದ್ರಾ? ನಾವು ಬಂದ್ಮೇಲೆ ಬೀಗ ಜಡಿದಿದಾರೆ. ನಮ್ಮನ್ನೇನು ಕಳ್ಳರು ಅಂದ್ಕೊಂಡ್ರಾ?” ಎಂದು ಗಂಡನ ಮೇಲೆ ಹರಿಹಾಯ್ದಳು.

“ಮೆತ್ತಗೆ ಮಾತಾಡೇ. ಉಪ್ಪು ತಿಂದ ಮನೆ.”

“ಉಪ್ಪು ಹಾಕಿ ಅನುಮಾನ ಪಡೋದಕ್ಕಿಂತ ಉಪವಾಸ ಕೆಡವಬಹುದಿತ್ತು!”

ಅಷ್ಟರಲ್ಲಿ ಮನೆಯ ಅಜ್ಜ ಹೊರಗೆ ಬಂದ. ಅವಳನ್ನು ಕಂಡವನೇ ದನಿ ತಗ್ಗಿಸಿ ತನ್ನ ಫೋನಿಗೆ ಏನೋ ಹೇಳಿದ. ಫೋನು ಪಾಠ ಒಪ್ಪಿಸುವಂತೆ ಕನ್ನಡದಲ್ಲಿ ನುಡಿಯಿತು: “ನೀವು ಬೀಗ ಹಾಕಿದಿರಿ. ಆದ್ದರಿಂದ ನಾವೂ ಹಾಕಿದೆವು. ನಲವತ್ತು ವರ್ಷಗಳಲ್ಲಿ ಇದೇ ಮೊದಲು. ನೀವು ಕಳ್ಳನನ್ನು ಎಲ್ಲಿ ನೋಡಿದಿರಿ?”

ಅಜ್ಜ ಉತ್ತರಕ್ಕಾಗಿ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ.