ಸೆವೆರ್ ಕಟ್ಟಿದ ಪಂಥ

ನೆರೆಮನೆಯ ಪಂತೆಲಿ ಒಳಗೆ ಬಂದವನೇ ಜೇಬಿನಿಂದ ಆ ಸ್ಮಾರ್ಟ್ ವಾಚನ್ನು ತೆಗೆದು ಮೇಜಿನ ಮೇಲಿಟ್ಟ. ಒಲೆಯ ಮುಂದೆ ನಿಂತು ಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದ ಸವೇತಾಳ ಕೈ ಹಾಗೇ ನಿಂತುಬಿಟ್ಟಿತು.

"ಅಯ್ಯೋ, ತೆಗಿ ಅದನ್ನ! ಮೊದ್ಲು ಹೊಸಿಲಾಚೆ ತಗೊಂಡ್ಹೋಗು! ನನ್ನ ಗಂಡನ ನಲವತ್ತನೇ ದಿನ, ಪಾದ್ರಿ ಎದುರಿಗೆ, ಮೇಣದಬತ್ತಿ ಹಚ್ಚಿ ನಿನ್ನ ಕೈಗೆ ಕೊಟ್ಟಿದ್ದು. ಸತ್ತೋರ ಹೆಸರಲ್ಲಿ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ತರ್ತಾರೇನೋ? ಬುದ್ಧಿಗಿದ್ಧಿ ಇದ್ಯಾ ನಿಂಗೆ?"

"ಬೈಬೇಡ ಸವೇತಕ್ಕಾ. ಸೆವೆರಣ್ಣ ಪ್ರಾಣದ ಹಾಗೆ ನೋಡ್ಕೊಂಡಿದ್ದ ಸಾಮಾನು. ನಮ್ಮನೇಲಿ ಸುಮ್ನೆ ಬಿದ್ದು ಹಾಳಾಗೋ ಬದ್ಲು ನಿನ್ನ ಹತ್ರಾನೇ ಇರ್ಲಿ ಅಂತ ತಂದೆ. ಕಾಲ ಬದಲಾಗಿದೆ ಬಿಡು. ಈಗ ಯಾರು ಅದನ್ನೆಲ್ಲ ನೋಡ್ತಾರೆ?"

ಕಾಲ ಬದಲಾಗಿರಬಹುದು, ನಮ್ಮ ಕಣಿವೆ ಬದಲಾಗಿಲ್ಲ. ಸತ್ತವರ ಹೆಸರಿನಲ್ಲಿ ಪಾತ್ರೆಯನ್ನೋ ಕೋಟನ್ನೋ ನೆರೆಯವನ ಕೈಗಿತ್ತರೆ ಅದು ಆಚೆ ದಡದಲ್ಲಿ ಸತ್ತವರ ಕೈ ಸೇರುತ್ತದೆ. ಆದರೆ ಕೊಟ್ಟದ್ದು ಮತ್ತೆ ಮನೆಯ ಹೊಸಿಲು ದಾಟಿ ಒಳಗೆ ಬಂತೆನ್ನಿ, ತನ್ನ ವಸ್ತುವನ್ನು ಹುಡುಕಿಕೊಂಡು ಒಡೆಯನೂ ಹಿಂದೆಯೇ ಬರುತ್ತಾನೆ. ತೊಟ್ಟಿಲ ಮಗುವಿಗೂ ಗೊತ್ತಿರುವ ಈ ಮಾತು, ಪೇಟೆಯಲ್ಲಿ ಬೆಳೆದು ಬಂದ ಪಂತೆಲಿಗೆ ಮಾತ್ರ ತಲೆಗೆ ಹತ್ತಿರಲಿಲ್ಲ.

ಸೆವೆರ್‌ಗೆ ಹೊಸ ಯಂತ್ರಗಳ ಹುಚ್ಚು. ಮೊಸರು ಮಾಡುವ ಯಂತ್ರ, ಕಾಲೊತ್ತುವ ಯಂತ್ರ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಡಬ್ಬಿ, ಎಲ್ಲವೂ ಒಂದೊಂದಾಗಿ ಬಂದು, ಒಂದೊಂದಾಗಿ ಅಟ್ಟ ಸೇರಿದ್ದವು. "ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ," ಎಂದು ಸವೇತಾ ಪ್ರತಿ ಸಲವೂ ಚುಚ್ಚುತ್ತಿದ್ದಳು. ವಾಚು ತಂದ ದಿನವೂ ಅದನ್ನೇ ಅಂದಳು. ಸೆವೆರ್ ನಕ್ಕು, "ಇದು ಹಾಗಲ್ಲ ಕಣೇ. ನಾನು ಹೋದ್ಮೇಲೂ ಇದು ಬಾಳುತ್ತೆ. ಪಂಥ ಕಟ್ತೀಯಾ?" ಎಂದ. "ಕಟ್ಟಿದೆ ಹೋಗು! ಪ್ಲಮ್ ಹಣ್ಣು ಉದುರೋ ಹೊತ್ತಿಗೆ ಇದೂ ಅಟ್ಟದ ಮೇಲೇ," ಎಂದಿದ್ದಳು ಅವಳು. ಪ್ಲಮ್ ಹಣ್ಣಾಗುವ ಮೊದಲೇ ಸೆವೆರ್ ಹೋಗಿಬಿಟ್ಟ. ವಾಚು ಮಾತ್ರ ಅವನ ಮಣಿಕಟ್ಟಿನಲ್ಲೇ ಇತ್ತು.

ಈಗ ಸವೇತಾ ಕುರ್ಚಿ ಎಳೆದುಕೊಂಡು ಕೂತಳು. ಬೈಗುಳದ ಬಿಸಿ ಆರಿತ್ತು. "ನೀನು ದಿನಾ ಕಟ್ಕೊಳ್ತಿದ್ದೆಯಲ್ಲ ಮಾರಾಯ. ಅಷ್ಟೇ ಸಾಕಾಗಿತ್ತು ನಂಗೆ. ಇವತ್ತೇನಾಯ್ತು?"

"ಎಲ್ಲಿ ಕಟ್ಕೊಂಡೆ? ಕೊಟ್ಟ ದಿನಾನೇ ಕೈಯೆಲ್ಲ ತುರಿಕೆ. ಬಿಚ್ಚಿ ನೆಲಮಾಳಿಗೇಲಿ ಮೊಳೆಗೆ ತಗಲಿಹಾಕಿದವನು ಇವತ್ತೇ ತೆಗೆದಿದ್ದು. ಚಾರ್ಜು ಇಳಿದು ಯಾವತ್ತೋ ಸತ್ತುಹೋಗಿದೆ, ನೋಡು."

ಸವೇತಾ ನೋಡಿದಳು. ಗಾಜು ಕಪ್ಪಗಿತ್ತು. ಅವಳು ಏಪ್ರನ್ ಜೇಬಿನಿಂದ ತನ್ನ ಫೋನು ತೆಗೆದಳು. ಹೊಲದಲ್ಲಿ ಒಬ್ಬನೇ ಬಿದ್ದುಗಿದ್ದರೆ ಹೆಂಡತಿಗೆ ಗೊತ್ತಾಗಲಿ ಎಂದು, ವಾಚು ಅಳೆಯುವ ಎದೆಬಡಿತ ಅವಳ ಫೋನಿನಲ್ಲಿ ಕಾಣುವಂತೆ ಸೆವೆರ್ ಮಾಡಿಟ್ಟಿದ್ದ. ಅವನು ಹೋದ ಮೇಲೆ ನಿಂತಿದ್ದ, ಪರದೆಯ ಮೇಲಿನ ಆ ಕೆಂಪು ಗುಂಡಿಗೆಯ ಚಿತ್ರ, ದಾನ ಕೊಟ್ಟ ಮರುದಿನ ಅವನದೇ ಹೆಸರಿನ ಕೆಳಗೆ ಮತ್ತೆ ಮಿಡಿಯತೊಡಗಿತ್ತು. ಮಿಡಿಯುತ್ತಿರುವುದು ಪಂತೆಲಿಯ ಎದೆ ಎಂದು ಅವಳು ನಂಬಿದ್ದಳು. ಆದರೂ ಬೆಳಗಾದರೆ ಅದನ್ನು ನೋಡಿ "ಎದ್ಯಾ?" ಎಂದು ಕೇಳದೆ ಅವಳಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ.

ಫೋನನ್ನು ಪಂತೆಲಿಯ ಮುಂದೆ ಹಿಡಿದಳು. ಗುಂಡಿಗೆ ಮಿಡಿಯುತ್ತಿತ್ತು.

"ಹಾಗಾದ್ರೆ ಇದು ಯಾರ್ದು?"

ಪಂತೆಲಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಒಳಗೆ ಬಿದ್ದಿತ್ತು. ಒಲೆಯ ಮೇಲೆ ಮುದ್ದೆ ಸೀಯುತ್ತಿತ್ತು.

"ಅಕ್ಕಾ, ಅದು ಜೋರಾಗ್ತಾ ಇದೆ."

"ಹೂಂ. ಸ್ಮಶಾನದ ಹತ್ರ ಏರು ಶುರುವಾಗುತ್ತಲ್ಲ. ಆ ಏರು ಹತ್ತೋವಾಗ ಅವನಿಗೆ ಹೀಗೇ ಆಗ್ತಿತ್ತು."

ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಮಿಡಿತ ಏರಿತು, ಏರಿತು, ಆಮೇಲೆ ತುಸು ಇಳಿಯಿತು.

"ಬಾವಿಕಟ್ಟೆ ಹತ್ರ ನಿಂತ," ಎಂದಳು ಸವೇತಾ ಮೆಲ್ಲಗೆ. "ಯಾವಾಗ್ಲೂ ಅಲ್ಲಿ ನಿಂತು ಉಸಿರು ತಗೋತಾನೆ."

ಮಿಡಿತ ಮತ್ತೆ ಏರತೊಡಗಿತು.

"ತಪ್ಪಾಯ್ತಕ್ಕಾ, ದಮ್ಮಯ್ಯ! ಕೊಡು ಇಲ್ಲಿ, ತಗೊಂಡು ಹೋಗ್ತೀನಿ!" ಪಂತೆಲಿ ವಾಚಿಗೆ ಕೈ ಹಾಕಿದ. ಸವೇತಾ ಅದರ ಮೇಲೆ ತನ್ನ ಅಂಗೈ ಒತ್ತಿಹಿಡಿದಳು. ಹೆದರಿಕೆ ಇತ್ತು, ಸುಳ್ಳೇಕೆ. ಹೆದರಿಕೆಗಿಂತ ದೊಡ್ಡದೊಂದು ಸಂತೋಷವೂ ಇತ್ತು, ಮದುವೆಯ ದಿಬ್ಬಣಕ್ಕೆ ಕಾದು ಕೂತ ದಿನ ಇದ್ದಂಥದ್ದು.

ಅವಳು ಎದ್ದು ಕಪಾಟಿನಿಂದ ಚಾರ್ಜರ್ ವೈರು ಹುಡುಕಿ ತಂದು ವಾಚಿಗೆ ಸಿಕ್ಕಿಸಿದಳು. ಆಮೇಲೆ ತಲೆವಸ್ತ್ರ ಸರಿಮಾಡಿಕೊಂಡಳು.

"ಬಾಗಿಲಾದ್ರೂ ಹಾಕ್ಕೋ ಅಕ್ಕಾ!" ಪಂತೆಲಿ ಹಿತ್ತಲ ಕಡೆ ಓಡುತ್ತಾ ಕೂಗಿದ.

"ಯಾಕೆ ಹಾಕ್ಕೊಳ್ಲಿ?" ಸವೇತಾ ಬಾಗಿಲನ್ನು ಇನ್ನಷ್ಟು ಅಗಲಕ್ಕೆ ತೆರೆದಳು. "ಪಂಥ ಅವನೇ ಗೆದ್ದ ಅಂತ ಹೇಳೋದು ಬೇಡ್ವಾ?"