ಡಂಕಪ್ಪನ ವಂಶ

ಡಂಕನ್ ಎಂಬ ತಮ್ಮ ಮನೆತನದ ಹೆಸರಿನ ಬೇರು ಹುಡುಕಿಕೊಂಡು ಸ್ಕಾಟ್ಲೆಂಡಿನ ಗಂಡ ಹೆಂಡತಿ ಕಾರಿನಿಂದ ಇಳಿದಾಗ, ಪೂಜಾರಿ ಕೆರೆ ಏರಿಯ ಮೇಲಿನ ಗೋರಿ ತೊಳೆಯುತ್ತಿದ್ದ. ಕೆರೆ ಕಟ್ಟಿಸಿದ ಡಂಕನ್ ದೊರೆಯ ಗೋರಿ ಅದು.

"ಬೂಟು ಬಿಚ್ಚಿ ಬನ್ನಿ ಸ್ವಾಮಿ."

"ಇದೇನು ಗುಡಿಯಲ್ಲವಲ್ಲ. ನಮ್ಮ ಮುತ್ತಾತನ ತಮ್ಮನ ಗೋರಿ." ಗಂಡನ ಮಾತನ್ನು ಡ್ರೈವರು ಕನ್ನಡದಲ್ಲಿ ಹೇಳುತ್ತಾ ಹೋದ. "ಅವನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ನಮಗೂ ಆಗಲಿಲ್ಲ. ಡಂಕನ್ ಅನ್ನೋ ಹೆಸರು ನನಗೇ ಕೊನೆ. ವಂಶವೃಕ್ಷದಲ್ಲಿ ಅಷ್ಟು ಬರೆದು ಮುಗಿಸೋಣ ಅಂತ ಬಂದೆ."

ಪೂಜಾರಿಗೆ ಮೈ ಉರಿಯಿತು. ನಮ್ಮ ದೊರೆಯ ಹೆಸರಿಗೆ ಕೊನೆಯಂತೆ! ಗದ್ದೆ ಬಯಲಿನತ್ತ ತಿರುಗಿ, "ಲೋ ಡಂಕಪ್ಪಾ!" ಎಂದು ಕೂಗಿದ.

ಹದಿನಾಲ್ಕು ಜನ ತಲೆ ಎತ್ತಿದರು.

ಮೊದಲೇ ಬಿಳಿಯಾಗಿದ್ದ ಗಂಡನ ಮುಖ ಇನ್ನಷ್ಟು ಬಿಳಿಚಿಕೊಂಡಿತು. "ಇವರೆಲ್ಲಾ... ಅವನ ಸಂತಾನವಾ?"

"ಬಿಡ್ತು ಅನ್ನಿ!" ಪೂಜಾರಿ ಕೆನ್ನೆ ಬಡಿದುಕೊಂಡ. "ದೊರೆ ಕಚ್ಚೆ ಭದ್ರವಾಗಿದ್ದೋರು. ಮಕ್ಕಳಿಲ್ಲದ ಗಂಡ ಹೆಂಡ್ತಿ ಇಲ್ಲಿಗೆ ಬಂದು, ಒಂದು ಚುಟ್ಟ ಹಚ್ಚಿಟ್ಟು, ಬರಿಗಾಲಲ್ಲಿ ಮೂರು ಸುತ್ತು ಹಾಕ್ತಾರೆ. ವರ್ಷ ತುಂಬೋದ್ರೊಳಗೆ ಮನೇಲಿ ತೊಟ್ಟಿಲು ಕಟ್ಟಿರ್ತಾರೆ. ಹುಟ್ಟಿದ ಕೂಸಿಗೆ ದೊರೆ ಹೆಸರೇ ಇಡಬೇಕು. ನಾನೂ ಡಂಕಪ್ಪನೇ!"

ಡ್ರೈವರು ಹೇಳಿ ಮುಗಿಸಿದಾಗ ಹೆಂಡತಿ ನಕ್ಕುಬಿಟ್ಟಳು.

ಗಂಡ ವಂಶವೃಕ್ಷದ ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡ. ಆಮೇಲೆ ಬಗ್ಗಿ, ಬೂಟಿನ ಲೇಸು ಬಿಚ್ಚತೊಡಗಿದ.