ಮೂರನೇ ಪರೀಕ್ಷೆ

ವಾರಿಜಾ ಮೇಡಂ ವರದಿಯ ಲಕೋಟೆಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಸರ್ಕಾರಿ ಪ್ರಯೋಗಾಲಯದ ಡಿಎನ್‌ಎ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಬಾಕಿ ಉಳಿದ ಕೇಸುಗಳಿಂದ ಕಪಾಟು ತುಂಬಿಹೋಗಿತ್ತು. ಕಿರಿಯ ವಿಜ್ಞಾನಿ ಬಷೀರ್ ಬಂದು ಎದುರು ನಿಂತ.

“ಕಾಲುವೇಲಿ ಸಿಕ್ಕ ಹುಡುಗನ ಶವದ್ದು ಏನಾಯ್ತಪ್ಪ? ಯಾರದು ಅಂತ ಪೊಲೀಸರು ದಿನಾ ಕೇಳ್ತಾರೆ.”

“ಮತ್ತೆ ನಿಮ್ಮ ಡಿಎನ್‌ಎಗೇ ಮ್ಯಾಚ್ ಆಗ್ತಿದೆ ಮೇಡಂ.”

ಕೈ ತಾಗಿ ಮಾದರಿ ಕೆಟ್ಟರೆ ತಿಳಿಯಲೆಂದು ಅಲ್ಲಿ ಎಲ್ಲ ಸಿಬ್ಬಂದಿಯ ಡಿಎನ್‌ಎಯನ್ನೂ ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ.

ಮೇಡಂ ನಿಟ್ಟುಸಿರಿಟ್ಟರು. “ಮೂರನೇ ಸಲ! ಆ ಸ್ಯಾಂಪಲ್ ತಂದು ನನ್ನ ಟೇಬಲ್ ಮೇಲೆ ಇಟ್ಟಿದ್ಯಾ? ಗ್ಲೌಸ್ ಹಾಕ್ಕೊಳ್ಳೋದನ್ನೂ ನಾನೇ ಕಲಿಸ್ಬೇಕಾ?”

“ಬೇರೆ ರೂಮಲ್ಲಿ, ಹೊಸ ಗ್ಲೌಸ್ ಹಾಕ್ಕೊಂಡೇ ಮಾಡಿದೆ. ಕೈ ತಾಗಿದ್ರೆ ನಿಮ್ಮದು ಪೂರ್ತಿ ಬರ್ಬೇಕಿತ್ತು ಮೇಡಂ.”

“ಮತ್ತೆ?”

“ಅರ್ಧ ಮಾತ್ರ ಬಂದಿದೆ. ತಾಯಿಯಿಂದ ಮಕ್ಕಳಿಗೆ ಬರೋವಷ್ಟು.” ಬಷೀರ್ ನೆಲ ನೋಡಿದ. “ನಿಮ್ಮ ಮಗ ಕೊನೇ ಸಲ ಫೋನ್ ಮಾಡಿದ್ದು ಯಾವಾಗ ಮೇಡಂ?”

“ಇನ್ನೊಂದು ಸಲ ಟೆಸ್ಟ್ ಮಾಡು.”

ಬಷೀರ್ ಕದಲಲಿಲ್ಲ.

“ಮಾಡಪ್ಪ, ಇನ್ನೊಂದೇ ಒಂದು ಸಲ.”